ನಿಮ್ಮ ನಿಯಮದೊಳಗಿನ ನನ್ನ ಸಾಲು

ಗಿರಿಜಾ ಅವರೇ, ಪ್ರೋಗ್ರಾಮಿನ ಆ ಸಾಲು ನಿಮ್ಮದಲ್ಲ, ನನ್ನದು. ಯಶವಂತನಗರದ ಗಣಿಯಿಂದ ಬ್ರೇಕ್ ಕೆಟ್ಟ ಲಾರಿಯನ್ನು ಹೊರಗೆ ಬಿಟ್ಟ ಸಾಲು, ಚೋರನೂರಿನ ಡ್ರೈವರ್ ಈರಣ್ಣನ ಕಾಲು ತೆಗೆದ ಸಾಲು, ನಿಮ್ಮ ಕೆಲಸ ತಿಂದ ಸಾಲು — ಅದನ್ನು ಬರೆದವನು ನಾನು, ನಿಮ್ಮ ಪಕ್ಕದ ಕುರ್ಚಿಯ ಶ್ರೀನಿವಾಸ. ಇಷ್ಟು ಹೇಳುವುದಕ್ಕೆ ವರ್ಷಗಳೇ ಬೇಕಾದವು.

ಅದಿರಿನ ಲಾರಿ ಗಣಿ ಬಿಡಬಹುದೇ, ಬಿಡಬಾರದೇ ಎಂದು ಹೇಳುವ ಪ್ರೋಗ್ರಾಂ ಹೊಸಪೇಟೆಯ ನಮ್ಮ ಕಚೇರಿಯದು. ನಿಯಮಗಳನ್ನು ಬರೆಯುವವರು ನೀವು. ಗಣಿಯಿಂದ ಬ್ರೇಕ್ ತಪಾಸಣೆಯ ಉತ್ತರ ಬಾರದಿದ್ದರೆ ಲಾರಿ ನಿಲ್ಲಲಿ ಎಂದು ಬರೆದಿದ್ದಿರಿ. ಚೊಕ್ಕ ಫಂಕ್ಷನ್ — ಒಳಗೆ ಏನು ಕೊಟ್ಟರೆ ಹೊರಗೆ ಏನು ಬರುತ್ತದೆಂದು ಯಾರು ಬೇಕಾದರೂ ಓದಿ ಹೇಳಬಹುದಿತ್ತು. ಆದರೆ ಗಣಿಯಲ್ಲಿ ನೆಟ್‌ವರ್ಕ್ ಆಗಾಗ ಸಾಯುತ್ತಿತ್ತು. ಲಾರಿಗಳು ನಿಂತಲ್ಲೇ ನಿಲ್ಲುತ್ತಿದ್ದವು. ಫೋನಿನಲ್ಲಿ ಬೈಗುಳ ತಿನ್ನುವ ಸರದಿ ನನ್ನದು.

ನಾವು ಬಳಸುತ್ತಿದ್ದ ಭಾಷೆಯಲ್ಲಿ ಪ್ರೋಗ್ರಾಮನ್ನೇ ಓದಿ, ಬಿಚ್ಚಿ, ಹೊಸದಾಗಿ ಹೆಣೆಯುವ ಇನ್ನೊಂದು ಪ್ರೋಗ್ರಾಂ ಬರೆಯಬಹುದು — ಮ್ಯಾಕ್ರೋ. ನಾನೊಂದು ಬರೆದೆ. ಅದು ನಿಮ್ಮ ಪ್ರತಿ ನಿಯಮದ ಹೊಟ್ಟೆಯೊಳಗೆ ಒಂದು ಸಾಲು ಸೇರಿಸುತ್ತಿತ್ತು: ಇವತ್ತಿನ ಉತ್ತರ ಬಾರದಿದ್ದರೆ ನಿನ್ನೆಯದನ್ನೇ ತೆಗೆದುಕೊ. ನಿಮ್ಮ ಫೈಲಿನಲ್ಲಿ ಅದು ಕಾಣುವುದಿಲ್ಲ. ಓಡುವ ಪ್ರೋಗ್ರಾಮಿನಲ್ಲಿ ಮಾತ್ರ ಇರುತ್ತದೆ, ಅದೂ ನಿಮ್ಮ ಹೆಸರಿನಲ್ಲಿ. ಕೇಳಿದ್ದರೆ ನೀವು ಒಪ್ಪುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ನನ್ನ ಜಾಣತನ ನನಗೆ ಎಷ್ಟು ರುಚಿಸಿತ್ತೆಂದರೆ — ಬೇಡ, ಅದನ್ನು ವರ್ಣಿಸುವುದೂ ಜಂಬವೇ ಆದೀತು.

ಈರಣ್ಣನ ಲಾರಿ ಸಂಡೂರಿನ ಇಳಿಜಾರಿನಲ್ಲಿ ನಿಲ್ಲಲೇ ಇಲ್ಲ. ಆ ದಿನ ತಪಾಸಣೆಯ ಉತ್ತರ ಬಂದಿರಲಿಲ್ಲ, ಹಿಂದಿನ ದಿನದ್ದು ಸರಿಯಿತ್ತು.

ವಿಚಾರಣೆಗೆ ಕೂತಾಗ, ಓಡುತ್ತಿದ್ದ ಪ್ರೋಗ್ರಾಮನ್ನೇ ಮ್ಯಾನೇಜರು ‘ನಿನ್ನ ನಿಯಮ ತೋರಿಸು’ ಎಂದು ಕೇಳಿದರು. ಆ ಭಾಷೆಯಲ್ಲಿ ಅದೂ ಸಾಧ್ಯ — ಪ್ರೋಗ್ರಾಂ ತನ್ನನ್ನು ತಾನೇ ಬಿಚ್ಚಿ ತೋರಿಸುತ್ತದೆ. ಪರದೆಯ ಮೇಲೆ ನಿಮ್ಮ ಹೆಸರು, ನಿಮ್ಮ ನಿಯಮ, ನಡುವೆ ಆ ಸಾಲು. ನನ್ನ ಫೈಲಿನಲ್ಲಿ ಇದಿಲ್ಲ ಎಂದಿರಿ. ಅಪಘಾತವಾದ ಮೇಲೆ ಅಳಿಸಿರುತ್ತೀರಿ ಎಂದರು ಅವರು. ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳುವ ಶಿಸ್ತು ನಮ್ಮ ಕಚೇರಿಗೆ ಇರಲಿಲ್ಲ. ನೀವು ನನ್ನ ಕಡೆ ತಿರುಗಿದಿರಿ.

"ಸೀನಣ್ಣ, ನೀವಾದ್ರೂ ಹೇಳ್ರಿ. ಇದನ್ನ ನಾನು ಬರ್ದೀನೇನ್ರಿ?"

"ನಿಮ್ಮ ಹೆಸರೇ ಐತಲ್ರಿ ಅದರ ಮ್ಯಾಲೆ" ಅಂದೆ.

ನೀವು ಪರದೆಯ ಮೇಲಿನ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದಿರಿ. ಜಗಳವಾಡುತ್ತೀರಿ ಅಂದುಕೊಂಡಿದ್ದೆ, ಆಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ ಕೂಡ. ನೀವು ಮೆಲ್ಲಗೆ, "ಹಂಗಾದ್ರ ನಾನೇ ಬರ್ದಿರಬೇಕು. ನನಗ ನೆನಪಿಲ್ಲ" ಅಂದಿರಿ. ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಅವತ್ತು ಹೆಗಲು ಮುಟ್ಟಿಕೊಂಡವರು ನೀವು.

ನನ್ನ ಫೈಲನ್ನು ಯಾರೂ ತೆರೆದು ನೋಡಲಿಲ್ಲ; ಅದೇ ವಾರ ಅದರಲ್ಲಿದ್ದ ಮ್ಯಾಕ್ರೋ ಅಳಿಸಿ ಹಾಕಿದೆ. ನೀವು ಕೆಲಸ ಬಿಟ್ಟು ಕಂಪ್ಲಿಗೆ ಹೋದಿರಿ ಎಂದು ಯಾರೋ ಹೇಳಿದರು. ಆಮೇಲಿಂದ ನಾನು ಬರೆದದ್ದನ್ನು ನಾನೇ ಓದುವಾಗಲೂ ಸಾಲುಗಳ ನಡುವೆ ಯಾರೋ ಕೂತಂತೆ ಅನ್ನಿಸುತ್ತದೆ. ಹೆದರಿಕೆಯಾಗುತ್ತದೆ, ಎದ್ದು ಹೊರಗೆ ಹೋಗುತ್ತೇನೆ.

ಮೊನ್ನೆ ಕಂಪ್ಲಿ ಬಸ್ಸಿನಲ್ಲಿ ನಿಮ್ಮ ಹಿಂದಿನ ಸೀಟಿನಲ್ಲಿದ್ದೆ. ನೀವು ನೋಡಲಿಲ್ಲ. ಚೀಲ ತೆರೆದಿರಿ, ಮುಚ್ಚಿದಿರಿ, ಮತ್ತೆ ತೆರೆದಿರಿ. ಕೊನೆಗೆ ಪಕ್ಕದ ಹುಡುಗಿಯನ್ನು ಕೇಳಿದಿರಿ: "ನಾನು ಟಿಕೆಟ್ ತಗೊಂಡೀನಲ್ಲವ್ವ?" ಟಿಕೆಟ್ ನಿಮ್ಮ ಕೈಯಲ್ಲೇ ಇತ್ತು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ, ಹೇಡಿ.

ನಿಮ್ಮ ಕೆಲಸ ಹೋದದ್ದು ಎಲ್ಲರಿಗೂ ಗೊತ್ತು. ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನು ನಾನು ಕದ್ದದ್ದು ಯಾರಿಗೂ ಗೊತ್ತಿಲ್ಲ, ನಿಮಗೂ.

ಕಚೇರಿಯಲ್ಲಿ ಎಲ್ಲರೆದುರು ಆ ಮ್ಯಾಕ್ರೋ ಮತ್ತೆ ಬರೆದು ತೋರಿಸುತ್ತೇನೆ. ಒಂದಕ್ಷರವೂ ಮರೆತಿಲ್ಲ. ಈರಣ್ಣನ ಮನೆಗೂ ಹೋಗುತ್ತೇನೆ, ಅಲ್ಲಿ ಏನಾಗುತ್ತದೋ ಆಗಲಿ. ಅದಕ್ಕೂ ಮೊದಲು ಕಂಪ್ಲಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಬಾಗಿಲಲ್ಲೇ ನಿಂತು ಒಂದು ಮಾತು ಹೇಳಿ ಹೋಗುತ್ತೇನೆ — ನಿಮಗೆ ನೆನಪಿಲ್ಲದ್ದು ನಡೆದೇ ಇರಲಿಲ್ಲ.