ಬಿಸಿಲಿಗೆ ಸ್ವಿಚ್ಚಿಲ್ಲ

ನರಗುಂದದ ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿ ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯೊಂದಿದೆ. ಬೋರ್ಡಿನ ಮೇಲೆ ಇನ್ನೂ ಮುರ್ತುಜಾಸಾಬರ ಹೆಸರಿದೆ. ಅವರು ತೀರಿಕೊಂಡು ಆರು ವರ್ಷವಾಯಿತು. ಈಗ ಗಿರಾಕಿಗಳೊಡನೆ ಮಾತಾಡುವವನು ಅವರ ಮಗ ಖಾದರ. ತಂತಿ ಸುತ್ತುತ್ತಿದ್ದವಳು ಖಾದರನ ಹೆಂಡತಿ ನಾಜಮೀನ. ಗದಗಿನಲ್ಲಿ ಐಟಿಐ ಮುಗಿಸಿ ಬಂದವಳು. ಬೆರಳುಗಳು ತೆಳ್ಳಗಿದ್ದುದರಿಂದ ಮೋಟಾರಿನ ಇಕ್ಕಟ್ಟಾದ ಸಂದುಗಳಲ್ಲಿ ಸುರುಳಿ ಕೂರಿಸುವ ಕೆಲಸ ಅವಳಿಗೆ ಗಂಡನಿಗಿಂತ ಚೆನ್ನಾಗಿ ಬರುತ್ತಿತ್ತು. ಹೆಣ್ಣುಮಗಳು ಸುತ್ತಿದ ಮೋಟಾರು ನೀರು ಎತ್ತುತ್ತದೆಯೇ ಎಂದು ಕೇಳಿದವರು ಕೇಳಿದರು. ಮೋಟಾರು ನೀರು ಎತ್ತಿತು. ವಿಷಯ ಅಲ್ಲಿಗೆ ಮುಗಿಯಿತು.

ಏಳು ವರ್ಷ ಹೀಗೆ ನಡೆದ ಮೇಲೆ ಅವಳು ಬಸುರಿಯಾದಳು. ಸುತ್ತಿದ ತಂತಿಗೆ ವಾರ್ನಿಶ್ ಕುಡಿಸಿ ಬಿಸಿಯಲ್ಲಿ ಒಣಗಿಸಬೇಕು. ಆ ಹೊಗೆಯಲ್ಲಿ ಕೂಡಬಾರದೆಂದು ದವಾಖಾನೆಯ ಡಾಕ್ಟರು ಖಂಡಿತವಾಗಿ ಹೇಳಿದರು. ಅದೇ ತಿಂಗಳು ರೈತನೊಬ್ಬ ಗೋಣಿಚೀಲದಲ್ಲಿ ಸೌರ ಪಂಪಿನ ಮೋಟಾರು ಕಟ್ಟಿಕೊಂಡು ಬಂದ. ಖಾದರ ಬಿಚ್ಚಿ ನೋಡಿದರೆ ಒಳಗೆ ಅಯಸ್ಕಾಂತ; ಅಂಥದ್ದಕ್ಕೆ ಅವನು ಎಂದೂ ಕೈ ಹಾಕಿರಲಿಲ್ಲ. ಇದು ನಮ್ಮಿಂದಾಗುವುದಿಲ್ಲ, ಕಂಪನಿಗೇ ಒಯ್ಯಿರಿ ಎಂದು ಮತ್ತೆ ಕಟ್ಟಿ ಕೊಟ್ಟ. ಅಂಥ ಚೀಲಗಳು ಮೂರಾದಾಗ ನಾಜಮೀನ ಗದಗಿನಲ್ಲಿ ಸೌರ ಪಂಪುಗಳ ತರಬೇತಿಗೆ ಸೇರಿದಳು. ಆರನೆಯ ತಿಂಗಳಲ್ಲಿ ನಲವತ್ತೈದು ದಿನ ಬಸ್ಸಿನಲ್ಲಿ ಹೋಗಿ ಬಂದಳು. ಇದರಲ್ಲಿ ಸಾಹಸವೇನೂ ಇಲ್ಲ. ಅವಳು ಲೆಕ್ಕ ಹಾಕಿದ್ದಳು: ಹೊಗೆಯ ಅಂಗಡಿಯಲ್ಲಿ ಕೂಸನ್ನು ಮಲಗಿಸುವಂತಿಲ್ಲ, ಕೂಸನ್ನು ಬಿಟ್ಟು ಅಂಗಡಿಯಲ್ಲಿ ಕೂಡುವಂತಿಲ್ಲ, ಅಂಗಡಿಗೆ ಬರುವ ಮೋಟಾರುಗಳೂ ಕಡಿಮೆಯಾಗುತ್ತಿವೆ.

ಹೆಣ್ಣು ಕೂಸು ಹುಟ್ಟಿತು. ಜಬೀನ ಎಂದು ಹೆಸರಿಟ್ಟರು. ಕೂಸಿಗೆ ನಾಲ್ಕು ತಿಂಗಳಾದಾಗ ಪಂಪು ಕೂರಿಸುವ ಕಂಪನಿಯೊಂದು ನಾಜಮೀನಳನ್ನು ಮೂರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿತು. ಅವಧಿ ಮುಗಿಯುವುದರೊಳಗೆ ಒಂದು ರಿಪೇರಿಯನ್ನು ಯಾರ ಕೈಯೂ ತಾಗದಂತೆ ಒಬ್ಬಳೇ ಮಾಡಿ, ಮೇಲ್ವಿಚಾರಕರಿಂದ ಸಹಿ ಪಡೆಯಬೇಕು. ಸಹಿ ಆಗದಿದ್ದರೆ ಕೆಲಸವಿಲ್ಲ.

ತೊಡಕು ಒಂದೇ ಇತ್ತು. ಕೂಸು ಬಾಟಲಿ ಹಿಡಿಯಲಿಲ್ಲ. ಒಳಲೆಯಲ್ಲಿ ಹಾಕಿದರೆ ಉಗುಳಿತು. ಹಾಗಾಗಿ ಅತ್ತೆ ಕಮರುನ್ನಿಸಾ ಕೂಸನ್ನು ಹೊತ್ತುಕೊಂಡು ಸೊಸೆಯ ಹಿಂದೆಯೇ ಹೊಲ ಹೊಲ ತಿರುಗಿದರು. ಮೊಣಕಾಲು ನೋವಿನ ಹೆಂಗಸು. ಬಸ್ಸು ಹತ್ತುವಾಗಲೆಲ್ಲ ಕಂಡಕ್ಟರನನ್ನು ಬೈದೇ ಹತ್ತುತ್ತಿದ್ದರು.

ಪರೀಕ್ಷೆಗೆಂದು ಬಂದದ್ದು ಮೆಣಸಗಿಯ ಅಂದಾನಪ್ಪನ ಪಂಪು. ಮಳೆಗಾಲದಲ್ಲಿ ಮಲಪ್ರಭೆಯ ನೀರು ಹೊಲಕ್ಕೆ ನುಗ್ಗಿ ಪಂಪಿನ ಸ್ವಿಚ್ಚಿನ ಪೆಟ್ಟಿಗೆಯಲ್ಲಿ, ಸೌರ ಫಲಕಗಳನ್ನು ಒಂದಕ್ಕೊಂದು ಜೋಡಿಸುವ ಪ್ಲಗ್ಗುಗಳಲ್ಲಿ ಕೆಸರು ತುಂಬಿಸಿ ಹೋಗಿತ್ತು. ಈಗ ಅವನು ಉಳ್ಳಾಗಡ್ಡಿ ಸಸಿ ಹಚ್ಚಿ ನೀರಿಗಾಗಿ ಕಾಯುತ್ತಿದ್ದ. ಕಮರುನ್ನಿಸಾ ಬಂದವರೇ ಹಳೆಯ ಸೀರೆಯ ಜೋಳಿಗೆಯನ್ನು ಫಲಕಗಳ ಕಬ್ಬಿಣದ ಕಾಲುಗಳಿಗೆ ಬಿಗಿದು ಕೂಸನ್ನು ಮಲಗಿಸಿದರು. ಇಡೀ ಹೊಲದಲ್ಲಿ ನೆರಳಿದ್ದದ್ದು ಅಲ್ಲಿ ಮಾತ್ರ.

"ಕಂಪನಿಯವ್ರು ಈಗ ತೊಟ್ಲಾ ಸುದ್ದಾ ಕಳಸ್ತಾರೇನ್ರಿ?" ಅಂದ ಅಂದಾನಪ್ಪ.

"ನಿನ್ನ ಪಂಪ ಭಾಳ ಹಟಾ ಮಾಡತೈತಂತಲ್ಲಪಾ," ಅಂದರು ಕಮರುನ್ನಿಸಾ. "ಜೋಡಿಗೆ ಇರ್ಲಿ ಅಂತ ಇನ್ನೊಂದು ಹಟದ್ದ ತಂದೇವಿ."

ಸೌರ ಫಲಕಗಳಿಗೆ ಮುಸುಕು ಹಾಕಿಯೇ ಬಿಚ್ಚಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಬಿಸಿಲು ಬೀಳುವಷ್ಟು ಹೊತ್ತೂ ಫಲಕ ವಿದ್ಯುತ್ತನ್ನು ಮಾಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವ ಸ್ವಿಚ್ಚು ಇಲ್ಲ. ಪೆಟ್ಟಿಗೆಯ ಮೇಲಿನ ಸ್ವಿಚ್ಚು ಪಂಪನ್ನಷ್ಟೇ ನಿಲ್ಲಿಸುತ್ತದೆ. ನಾಜಮೀನ ಇದನ್ನು ನೋಟುಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಬರೆದುಕೊಂಡಿದ್ದಳು. ಆದರೆ ಮುಸುಕಿನ ತಾಡಪತ್ರಿ ರೋಣದ ಕಡೆಗೆ ಹೋದ ತಂಡದ ಬಳಿ ಇತ್ತು. ಅವಳು ಕಾಯಬಹುದಿತ್ತು. ಏಳು ವರ್ಷ ಸ್ವಿಚ್ಚು ಬಂದ್ ಮಾಡಿ ಮೋಟಾರು ಮುಟ್ಟಿದ ಕೈ, ಸ್ವಿಚ್ಚು ಬಂದ್ ಆದರೆ ತಂತಿ ಸತ್ತಿತು ಎಂದೇ ನಂಬಿದ್ದ ಕೈ. ಜೋಳಿಗೆಯಲ್ಲಿ ಕೂಸು ಹಸಿದು ಅಳತೊಡಗಿತು. ಇದೊಂದು ಮುಗಿಸಿ ಕುಡಿಸಿದರಾಯಿತೆಂದು ಸ್ವಿಚ್ಚು ಬಂದ್ ಮಾಡಿದಳು, ಪ್ಲಗ್ಗು ಎಳೆದಳು.

ಪೆಟ್ಟಿಗೆಯೊಳಗಿನ ಕೆಸರು ಎರಡು ತಂತಿಗಳನ್ನು ಕೂಡಿಸಿಬಿಟ್ಟಿತ್ತು. ಪಂಪು ನಿಂತಿದ್ದರೂ ಅವುಗಳಲ್ಲಿ ವಿದ್ಯುತ್ತು ಹರಿಯುತ್ತಲೇ ಇತ್ತು. ಬೆಂಕಿ ಚಿಟ್ಟೆಂದು ಹಾರಿ, ಬಲಗೈಯ ಹೆಬ್ಬೆರಳೂ ಎರಡು ಬೆರಳೂ ಸುಟ್ಟವು. ಕೂಸು ಹತ್ತು ಹೆಜ್ಜೆ ಆಚೆ ಇತ್ತು. ಸದ್ದಿಗೆ ಬೆಚ್ಚಿ ಒಂದು ಗಳಿಗೆ ಅಳು ನಿಲ್ಲಿಸಿತು. ಅದಕ್ಕೆ ಬೇರೇನೂ ಆಗಲಿಲ್ಲ. ಆಗಲಿಲ್ಲ ಎಂಬುದು ಸಮರ್ಥನೆಯಲ್ಲ.

ಅಂದಾನಪ್ಪ ಕೈಗೆ ನೀರು ಸುರಿದು, ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನು ಮಾಡಿದ. ಸಂಜೆಯೊಳಗೆ ಮೇಲ್ವಿಚಾರಕ ಶರತ ಬಂದ. ಗಜೇಂದ್ರಗಡದ ನೇಕಾರರ ಮನೆಯವನು, ಇಪ್ಪತ್ತೇಳರ ಎಂಜಿನಿಯರು. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದ. ಅವನು ಮೊದಲು ನೋಡಿದ್ದು ಜೋಳಿಗೆಯನ್ನು.

"ಅಕ್ಕಾರ, ರಿಪೋರ್ಟಿನ್ಯಾಗ ಇಲ್ಲಿ ಕೂಸು ಇತ್ತಂತ ಬರದ್ರ ನಿಮ್ಮ ಕೆಲಸ ಹೋಗತೈತಿ. ಬರೀಲಿಲ್ಲಂದ್ರ ನಂದು ಹೋಗತೈತಿ."

"ಬರೀರಿ," ಅಂದಳು ನಾಜಮೀನ. "ಮೀಟರ ಹಚ್ಚಿ ನೋಡದ ಪ್ಲಗ್ ಎಳದಾಕಿ ನಾನ. ಕೂಸಿನ್ನ ತಂದಾಕಿನೂ ನಾನ."

"ತಂದಾಕಿ ನಾ," ಅಂದರು ಕಮರುನ್ನಿಸಾ. "ಬರಕೋ, ಕಮರುನ್ನಿಸಾ. ಕಾಗುಣಿತ ಸರಿ ಇರ್ಲಿ."

ಶರತ ಎರಡನ್ನೂ ಬರೆದ. ಕೂಸನ್ನು ಇನ್ನು ಮುಂದೆ ಕೆಲಸದ ಜಾಗಕ್ಕೆ ತರುವುದಿಲ್ಲವೆಂದು ಅವಳಿಂದ ಸಹಿ ಮಾಡಿಸಿಕೊಂಡ. ಇದೇ ಪಂಪನ್ನು ಮುಂದಿನ ಗುರುವಾರದೊಳಗೆ ಮುಗಿಸಲು ಒಂದು ಅವಕಾಶ ಕೊಡಿಸುತ್ತೇನೆ, ಎರಡನೆಯದು ನನ್ನ ಕೈಯಲ್ಲಿಲ್ಲ ಎಂದ. ತಾಡಪತ್ರಿ ಕೇಳಿದರೆ, ರೋಣದ ತಂಡಕ್ಕೆ ಅದು ಇನ್ನೂ ಹತ್ತು ದಿನ ಬೇಕು ಎಂದ.

ಮನೆಯಲ್ಲಿ ಮೂರು ದಿನ ಇದೇ ಮಾತು. ಸುಟ್ಟ ಕೈಯನ್ನು ದೂರವಿಟ್ಟು ಎಡಗೈಯಲ್ಲೇ ಕೂಸನ್ನು ಎದೆಗೆ ಹಿಡಿಯುವುದನ್ನು ನಾಜಮೀನ ಕಲಿತಳು. ಕೂಸಿಗೆ ನೀರೆರೆಯುವ ಕೆಲಸ ಅತ್ತೆಯ ಪಾಲಾಯಿತು.

"ಬಿಟ್ಟಬಿಡು," ಅಂದ ಖಾದರ. "ಅಂಗಡಿ ಐತಲ್ಲ."

"ಅಂಗಡಿ ಐತಿ. ಮೋಟಾರ ಎಲ್ಲಿ ಅದಾವ?"

ಆ ವಾರ ಬಂದಿದ್ದದ್ದು ಒಂದೇ ಮೋಟಾರು.

"ಮುಸುಕ ತಾನ ಬೇಕಾಗಿದ್ದು?" ಅಂದರು ಕಮರುನ್ನಿಸಾ. "ಮನ್ಯಾಗ ಕೌದಿ ಬಿದ್ದಾವಲ್ಲ, ಒಯ್ಯಿ."

"ಹದಿನಾರು ಫಲಕ ಅದಾವ ಅಮ್ಮಾ. ಇಡೀ ಓಣಿಯವ್ರ ಕೌದಿ ಎಳಕೊಂಡು ಹೋಗಬೇಕು. ಮ್ಯಾಲೆ ಈಕಿದೊಂದು. ನಾಲ್ಕು ತಾಸಿಗೆ ಹಸೀತಾಳ. ಹೋಗಾಕ ಒಂದು ತಾಸು, ಬರಾಕ ಒಂದು ತಾಸು. ಉಳಿದ ಎರಡು ತಾಸಿನ್ಯಾಗ ನಾ ಏನ ಬಿಚ್ಚಲಿ, ಏನ ಕಟ್ಟಲಿ?"

ಕಮರುನ್ನಿಸಾ ಕೂಸಿನ ಬೆನ್ನು ಒರೆಸುತ್ತಿದ್ದರು. "ಹಗಲಿ ನಾಲ್ಕು ತಾಸು. ಬೆಳಗಿನ ಜಾವ ಕುಡದು ಮಲಗಿದ್ರ ಎಂಟಕ್ಕ ಏಳತೈತಿ ಈ ಪೋರಿ. ಬಿಸಿಲ ಇದ್ದಷ್ಟೂ ಹೊತ್ತು ಆ ಫಲಕ ಮಲಗೂದಿಲ್ಲ ಅಂದ್ರ, ಅವು ಏಳೂದ್ರಾಗ ಹೋಗಿ ಮಾಡಬಾರದೇನ? ನಮಾಜಿಗೆ ನಾ ಹೆಂಗಿದ್ರೂ ಏಳಾಕೀನ. ಒಂದು ತಾಸು ಮೊದಲ ಎದ್ರ ಸಾಯೂದಿಲ್ಲ."

ತರಬೇತಿಯ ಪುಸ್ತಕದಲ್ಲಿ ಈ ಮಾತು ಇರಲಿಲ್ಲ. ಬರೆದವರು ಯಾರೂ ಮೊಲೆಯುಣ್ಣುವ ಕೂಸಿನ ಜೊತೆ ಕೆಲಸ ಮಾಡಿರಲಿಕ್ಕಿಲ್ಲ.

ನಾಜಮೀನ ಶರತನಿಗೆ ಫೋನು ಮಾಡಿ ಗುರುವಾರ ನಸುಕಿನ ಐದು ಗಂಟೆಗೆ ಮೆಣಸಗಿಗೆ ಬರಬೇಕೆಂದು ಹೇಳಿದಳು. ಅವನು, "ಸಂಜಿ ಐದಲ್ಲೇನ್ರಿ?" ಅಂದ.

ಗುರುವಾರ ನಾಲ್ಕಕ್ಕೆ ಕೂಸಿಗೆ ಕುಡಿಸಿ ಅತ್ತೆಯ ಪಕ್ಕದಲ್ಲಿ ಮಲಗಿಸಿ, ಅವಳು ಖಾದರನ ಗಾಡಿಯ ಹಿಂದೆ ಕುಳಿತಳು. ಚಳಿ ಇತ್ತು. ಹೊಲ ಮುಟ್ಟಿದಾಗ ಶರತ ಮಂಕಿ ಕ್ಯಾಪಿನೊಳಗೆ ಮುಖ ಮುಚ್ಚಿಕೊಂಡು ಬದುವಿನ ಮೇಲೆ ನಿಂತಿದ್ದ. ಅಂದಾನಪ್ಪ ಕಂಬಳಿ ಹೊದ್ದು ಬಂದಿದ್ದ. ನಾಜಮೀನ ಹಣೆಗೆ ದೀಪ ಕಟ್ಟಿಕೊಂಡಳು. ಮೊದಲು ಮೀಟರು ಹಚ್ಚಿದಳು. ಮುಳ್ಳು ಅಲುಗಲಿಲ್ಲ. ಆಮೇಲೆ ಬಿಚ್ಚಿದಳು.

ಕೆಸರು ತುಂಬಿದ ಪೆಟ್ಟಿಗೆಯನ್ನು ತೆಗೆದು ಹೊಸದನ್ನು ಕೂರಿಸಲು ಅರ್ಧ ತಾಸು ಹಿಡಿಯಿತು. ನಂತರ ಪ್ಲಗ್ಗುಗಳು: ಹಳೆಯದನ್ನು ಕತ್ತರಿಸಿ, ತಂತಿಯ ತುದಿ ಸುಲಿದು, ಹೊಸದನ್ನು ಒತ್ತಬೇಕು. ಫಲಕಕ್ಕೊಂದರಂತೆ ಹದಿನಾರು. ಪ್ರತಿ ಸಲವೂ ಮೊದಲು ಮೀಟರು. ಸುಟ್ಟ ಹೆಬ್ಬೆರಳು ಒತ್ತುವಾಗ ನೋಯುತ್ತಿತ್ತು. ಎಂಟನೆಯದಕ್ಕೆ ಬರುವಷ್ಟರಲ್ಲಿ ಕೈ ನಿಧಾನವಾಯಿತು. ಖಾದರ ಎದ್ದು ಹತ್ತಿರ ಬಂದ. ಅವನಿಗೂ ಈ ಕೆಲಸ ಗೊತ್ತು.

"ಮುಟ್ಟಬ್ಯಾಡ್ರಿ," ಅಂದ ಶರತ. "ನೀವು ಮುಟ್ಟಿದ್ರ ಅದು ಅವರ ಕೆಲಸ ಆಗೂದಿಲ್ಲ."

ಖಾದರ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಕುಳಿತ.

ಹನ್ನೆರಡು, ಹದಿಮೂರು, ಹದಿನಾಲ್ಕು. ನದಿಯ ಕಡೆ ಬೆಳಕು ಹರಿಯತೊಡಗಿತು. ಹದಿನೈದನೆಯದನ್ನು ಒತ್ತಿ ಮುಗಿಸಿ, ಕೊನೆಯದಕ್ಕೆ ಮೀಟರು ಹಚ್ಚಿದಾಗ ಮುಳ್ಳು ಎದ್ದಿತ್ತು. ನಾಜಮೀನ ಇಕ್ಕಳವನ್ನು ಸಾಮಾನಿನ ಚೀಲದಲ್ಲಿಟ್ಟಳು.

"ಆತೇನವಾ?" ಅಂದ ಅಂದಾನಪ್ಪ.

"ಒಂದು ಉಳದೈತ್ರಿ. ನಾಳೆ."

"ಒಂದ ಅಲ್ಲೇನು! ಚಟ್ಟನ ಮಾಡಿಬಿಡು. ಸಸಿ ಬಾಡಾಕತ್ತಾವು."

"ಎದ್ದೈತ್ರಿ ಅದು. ಎದ್ದ ಮ್ಯಾಲೆ ನಾ ಕತ್ತರಿ ಹಚ್ಚೂದಿಲ್ಲ."

"ಹಂಗಾರ ಅದೊಂದು ಹಳೇದ ಇರ್ಲಿ, ಪಂಪ ಚಾಲೂ ಮಾಡು."

"ಕೆಸರ ತುಂಬಿದ ಪ್ಲಗ್ಗು ಕಾಯತೈತಿ. ಕಾದ್ರ ಸುಡತೈತಿ. ಮಾಡೂದಿಲ್ಲ."

ಅಂದಾನಪ್ಪ ಶರತನ ಮುಖ ನೋಡಿದ. ಖಾದರನೂ ನೋಡಿದ. ಅಂದು ಗುರುವಾರ, ಕೊಟ್ಟ ಅವಧಿಯ ಕೊನೆಯ ದಿನ. ನೀರು ಬರದ ಪಂಪಿಗೆ ಸಹಿ ಮಾಡಲು ನಿಯಮವಿಲ್ಲ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಒಳಗಿಡುತ್ತಿದ್ದಳು.

ಶರತ ಸಹಿ ಮಾಡಲಿಲ್ಲ. ಫಾರ್ಮನ್ನು ಗಾಡಿಯ ಸೀಟಿನ ಮೇಲಿಟ್ಟು ಸ್ವಲ್ಪ ಹೊತ್ತು ಓದಿದ. "ಕೆಲಸ ಶುರು ಮಾಡಿದ ತಾರೀಖು ಅಂತ ಇಲ್ಲೊಂದು ಕಾಲಂ ಐತ್ರಿ," ಅಂದ. "ಯಾರೂ ತುಂಬೂದಿಲ್ಲ. ನಾ ತುಂಬತೀನಿ. ಗುರುವಾರ ಶುರು ಆಗೇತಿ, ಮುಗಿದಿಲ್ಲ. ಕಂಪನಿಯವ್ರು ಕೇಳಿದ್ರ ಉತ್ತರಾ ನಾ ಕೊಡ್ತೀನಿ. ನಾಳೆ ಮತ್ತ ಐದಕ್ಕೇನ್ರಿ?"

"ಐದಕ್ಕ."

"ಆರಕ್ಕ ಆದ್ರ ಆಗೂದಿಲ್ಲೇನ್ರಿ?"

"ಇಲ್ರಿ."

ಶುಕ್ರವಾರ ಕೊನೆಯ ಪ್ಲಗ್ಗಿಗೆ ಹಿಡಿದದ್ದು ಐದೇ ನಿಮಿಷ. ಆಮೇಲೆ ಸೂರ್ಯನಿಗಾಗಿ ನಾಲ್ವರೂ ಎರಡು ತಾಸಿಗೂ ಹೆಚ್ಚು ಹೊತ್ತು ಚಳಿಯಲ್ಲಿ ಕುಳಿತರು. ಅಂದಾನಪ್ಪನ ಮನೆಯಿಂದ ಚಹಾ ಬಂತು. ಏಳೂವರೆ ದಾಟಿದ ಮೇಲೆ ಪಂಪು ಗುನುಗಿತು. ಪೈಪಿನ ಬಾಯಲ್ಲಿ ಮೊದಲು ಕೆಂಪು ನೀರು ತೊಟ್ಟಿಕ್ಕಿ, ಆಮೇಲೆ ತಿಳಿಯಾಗಿ ಬೆರಳಿನಷ್ಟಾಯಿತು, ಬಿಸಿಲು ಏರಿದಂತೆ ಮುಂಗೈಯಷ್ಟು ದಪ್ಪವಾಯಿತು. ಅಂದಾನಪ್ಪ ಸಲಿಕೆ ಎತ್ತಿಕೊಂಡು ಕಾಲುವೆ ತಿರುವಲು ಓಡಿದ. ಶರತ ಸಹಿ ಮಾಡಿದ. ನಾಜಮೀನ ಕಾಗದವನ್ನು ಮಡಚಿ ಟಿಫಿನ್ ಚೀಲಕ್ಕೆ ಹಾಕಿಕೊಂಡಳು. ನೀರು ಸಸಿಗಳನ್ನು ಮುಟ್ಟಿದ್ದನ್ನು ಅವಳು ನೋಡಲಿಲ್ಲ. ಎಂಟಾಗಿತ್ತು, ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು, ಖಾದರ ಗಾಡಿ ಚಾಲೂ ಮಾಡಿದ್ದ.

ಮನೆ ಸೇರಿದಾಗ ಕೂಸಿನ ಅಳು ಓಣಿಯ ತಿರುವಿನವರೆಗೂ ಕೇಳುತ್ತಿತ್ತು. ಅವಳು ಕೈ ತೊಳೆದು, ಕುಳಿತು, ಕೂಸನ್ನು ತೆಗೆದುಕೊಂಡ ಮೇಲೆ ಕಮರುನ್ನಿಸಾ ಕೇಳಿದರು:

"ಸಹಿ ಆತೇನ?"

"ಆತು ಅಮ್ಮಾ."

"ಯಾ ಅಲ್ಲಾ! ಹಂಗಾರ ನಾಳೆ ಹೊತ್ತೇರೂ ಮಟಾ ಮಲಗೂಣು."

"ನಾಳೆ ಶಿರೋಳದ ಪಂಪಿಗೆ ಹೋಗಬೇಕು," ಅಂದಳು ನಾಜಮೀನ. "ಐದಕ್ಕ."