ಕಾಲು ಒರೆಸಿಕೊಂಡು ಬನ್ನಿ

ಆ ದಿನವೂ ನಮ್ಮನೆಯವರು ಹಲ್ಲುಜ್ಜುವ ಮೊದಲೇ ಫೋನು ಹಿಡಿದರು. ಬನಿಯನ್ನಿನ ಅಂಚಿನಿಂದ ಅದರ ಮುಖ ಒರೆಸಿದರು, ಏನೋ ಒತ್ತಿದರು, ಗಂಟಲು ಸರಿಮಾಡಿಕೊಂಡು ಫೋನಿಗೆ ಹೇಳಿದರು: "ಬಾಗಿಲು ತೆಗೆದಿದೆ. ಕಾಲು ಒರೆಸಿಕೊಂಡು ಬನ್ನಿ."

"ಅವರ ಕಾಲು ಅಲ್ಲಿರಲಿ, ಮೊದಲು ನಿಮ್ಮದು ಒರೆಸಿ," ಅಂದೆ.

ಹೊಲಿಗೆ ಮಿಷನ್ ರಿಪೇರಿ ಅವರ ಕಸುಬು. ಎಲ್ಲರಿಗೂ ಎಣ್ಣೆ ಕೈಗೆ ಮೆತ್ತಿದರೆ ಇವರಿಗೆ ಕಾಲಿಗೆ ಮೆತ್ತುತ್ತಿತ್ತು. ಹೇಗೆ ಅಂತ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಬಾಗಿಲ ಕಾಲೊರೆಸಿನ ಮೇಲೆ ಅವರ ಹೆಜ್ಜೆ ಕಪ್ಪಗೆ ಕೂತಿತ್ತು.

ಫೋನಿನಲ್ಲಿ ಅವರದೊಂದು ಗ್ರೂಪು. ಬೇರೆ ಬೇರೆ ಊರಿನ ದರ್ಜಿಗಳು, ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ದಾರ ಕಡಿಯುತ್ತಿದೆ, ಸೂಜಿ ಮುರಿಯುತ್ತಿದೆ ಅಂತ ಒಬ್ಬರು ಕೇಳಿದರೆ ಉಳಿದವರು ಹೇಳಿಕೊಡುತ್ತಾರೆ. ಹೇಳಿಕೊಡುತ್ತಾ ಹೇಳಿಕೊಡುತ್ತಾ ಜಗಳಕ್ಕೆ ಬೀಳುತ್ತಾರೆ. ಅಂಗಡಿ ಮುಚ್ಚಿದ ಮೇಲಂತೂ ಜಾಸ್ತಿ. ಕೈಗೆ ಕೆಲಸ ಮುಗಿದರೆ ಬಾಯಿಗೆ ಶುರು. ಅದಕ್ಕೆ ಇವರು ಊಟದ ಹೊತ್ತಿಗೆ ಗ್ರೂಪಿಗೆ ಬೀಗ ಹಾಕುತ್ತಿದ್ದರು. ಬೀಗ ಬಿದ್ದರೆ ಇವರೊಬ್ಬರನ್ನು ಬಿಟ್ಟು ಯಾರೂ ಅದರಲ್ಲಿ ಏನೂ ಹಾಕುವಂತಿಲ್ಲ. ಬೆಳಿಗ್ಗೆ ತಾವೇ ತೆಗೆಯುವರು.

ಯಾರಾದರೂ ಕೆಟ್ಟದಾಗಿ ಬರೆದರೆ ಇವರು ಬೈಯುತ್ತಿರಲಿಲ್ಲ. ಫೋನು ಮಾಡಿ, ಸ್ಪೀಕರ್ ಹಾಕಿ, ನನ್ನ ಈಳಿಗೆ ಮಣೆಯ ಪಕ್ಕ ಇಡುತ್ತಿದ್ದರು. "ನೀವು ಬರೆದದ್ದನ್ನ ನಿಮ್ಮ ಅತ್ತಿಗೆಗೆ ಒಂದ್ಸಲ ಓದಿ ಹೇಳಿ. ಅವಳು ಸರಿ ಅಂದ್ರೆ ಇರಲಿ."

ಅವರಲ್ಲಿ ಪ್ಯಾಂಟ್ ಮಾಸ್ಟರ್ ಅಂತ ಒಬ್ಬರು. ಫ್ರಾಕು ಹೊಲಿಯುವ ಫ್ರಾಕಕ್ಕನ ಮೇಲೆ ಬರೆಯುವಾಗ ಹುಲಿ.

"ಫ್ರಾಕಕ್ಕ, ನಿನ್ನ ಮೂತಿಗೆ... ಅತ್ತಿಗೆ, ಅಡುಗೆ ಆಯ್ತಾ?"

"ಆಗಿಲ್ಲ. ಓದಿ."

"ನೆಟ್‌ವರ್ಕ್ ಸರಿ ಇಲ್ಲ ಅತ್ತಿಗೆ."

ಎರಡು ನಿಮಿಷದಲ್ಲಿ ಬರೆದದ್ದು ಮಾಯ. ನಾನು ನಾಲ್ಕನೇ ಕ್ಲಾಸು. ಹಾಗೆ ಬೀನ್ಸ್ ಹೆಚ್ಚುತ್ತಾ ಒಂದು ಗ್ರೂಪಿನ ನ್ಯಾಯಾಧೀಶಳಾಗಿದ್ದೆ.

ಆ ಸಂಜೆ ಪ್ಯಾಂಟ್ ಮಾಸ್ಟರಿಗೂ ಫ್ರಾಕಕ್ಕನಿಗೂ ಮತ್ತೆ ಹತ್ತಿಕೊಂಡಿತು. ಆಕೆಯದು ಮೋಟರ್ ಮಿಷನ್, ಅವರದು ಕಾಲಲ್ಲಿ ತುಳಿಯುವುದು. ಮೋಟರ್ ಸೋಮಾರಿಗಳಿಗೆ ಅಂದರು ಅವರು. ನಿಮ್ಮ ಹೊಲಿಗೆ ಕುಡಿದ ಇರುವೆ ನಡೆದ ಹಾಗಿದೆ ಅಂದಳು ಆಕೆ. ಆಮೇಲೆ ಕತ್ತೆಯೂ ಬಂತು. ಇವರು ಅರ್ಧದಲ್ಲೇ ಬೀಗ ಹಾಕಿದರು. "ನಾಳೆ ಇಬ್ಬರನ್ನೂ ನಿನ್ನ ಮುಂದೆ ಓದಿಸ್ತೀನಿ. ಬೀನ್ಸ್ ಎತ್ತಿಡು," ಅಂದರು. ಕುಡಿದ ಇರುವೆ, ಕುಡಿದ ಇರುವೆ ಅಂತ ನಗುತ್ತಾ ಮಲಗಿದರು.

ಬೆಳಿಗ್ಗೆ ಏಳಲಿಲ್ಲ. ಬೀನ್ಸ್ ಹಾಗೇ ಉಳಿಯಿತು.

ಫೋನು ಅವರ ಮೇಜಿನ ಡ್ರಾಯರಿನಲ್ಲಿ ಚಾರ್ಜು ಮುಗಿದು ಬಿದ್ದಿತ್ತು. ಬಂದವರೆಲ್ಲ ಹೋದ ಮೇಲೆ ಮೈದುನ ಕೇಳಿದ: "ಅತ್ತಿಗೆ, ಅದನ್ನ ಕೊಡಿ. ಎಲ್ಲಾ ಅಳಿಸಿ ಕೊಡ್ತೀನಿ. ನಿಮಗ್ಯಾಕೆ ದರ್ಜಿಗಳ ಜಗಳ?" ಇರಲಿ ಅಂತ ಚಾರ್ಜಿಗೆ ಹಾಕಿದೆ. ಜೀವ ಬಂದದ್ದೇ ತಡ, ಮೇಜಿನ ಮೇಲೆ ಮೀನಿನ ಹಾಗೆ ಎಗರತೊಡಗಿತು. ಅಕ್ಷರ ಕೂಡಿಸಿಕೊಂಡು ಓದಿದೆ. ಒಬ್ಬೊಬ್ಬರೂ ಅವರಿಗೇ ಬೇರೆಯಾಗಿ ಬರೆದಿದ್ದರು.

"ಅಣ್ಣ, ತಪ್ಪಾಯ್ತು. ಬಾಗಿಲು ತೆಗೀರಿ." ಇದು ಪ್ಯಾಂಟ್ ಮಾಸ್ಟರ್. ಅದರ ಕೆಳಗೆ ಅವರದೇ: "ಅಣ್ಣ, ಇಷ್ಟು ಹಠ ಒಳ್ಳೇದಲ್ಲ."

"ಅಣ್ಣ, ಕತ್ತೆ ಅಂದಿದ್ದು ವಾಪಸ್. ಇರುವೆ ಮಾತ್ರ ವಾಪಸ್ ಇಲ್ಲ." ಫ್ರಾಕಕ್ಕ.

ಎಂದೂ ಜಗಳವಾಡದ ಪರದೆ ಹೊಲಿಯುವವರೊಬ್ಬರು: "ಅಣ್ಣ, ನಾನೇನೂ ಮಾಡಿಲ್ಲ. ಆದ್ರೂ ಕ್ಷಮಿಸಿ. ಮಿಷನ್ ನಿಂತಿದೆ, ಯಾರನ್ನ ಕೇಳಲಿ? ಎಲ್ಲರೂ ಹೊಸ ಗ್ರೂಪಿಗೆ ಹೋಗ್ತಿದ್ದಾರೆ. ಅಲ್ಲಿ ಬಾಗಿಲೇ ಇಲ್ಲ, ಚಪ್ಪಲಿ ಸಮೇತ ಒಳಗೆ. ನಾನು ಕೇಳಿದ್ದಕ್ಕೆ ನನ್ನ ಅಪ್ಪನನ್ನ ಬೈದರು."

ಇವರು ಸತ್ತದ್ದು ಯಾರಿಗೂ ಗೊತ್ತಿಲ್ಲ. ಮುನಿಸಿಕೊಂಡಿದ್ದಾರೆ ಅಂದುಕೊಂಡಿದ್ದಾರೆ. ಇನ್ನು ನಾಲ್ಕು ದಿನ ಬೀಗ ಇದ್ದರೆ ಒಳಗೆ ಯಾರೂ ಉಳಿಯುವುದಿಲ್ಲ. ಅವರು ಕಟ್ಟಿದ್ದು ಅದೊಂದೇ.

ಪ್ಯಾಂಟ್ ಮಾಸ್ಟರಿಗೆ ಫೋನು ಮಾಡಿದೆ.

"ಅಣ್ಣ, ಅಂತೂ ಕೋಪ ಇಳೀತಾ?"

"ನಾನು."

"ಓ, ಅತ್ತಿಗೆ. ಇವತ್ತು ಏನು ಓದಬೇಕು?"

"ಅವರು ಹೋಗಿಬಿಟ್ರು."

"ಎಲ್ಲಿಗೆ?"

ಆ ಕಡೆ ಓಡುತ್ತಿದ್ದ ಮಿಷನ್ ನಿಂತಿತು. ಆಮೇಲೆ ಕೇಳಿದರು: "ನಮ್ಮ ಜಗಳದಿಂದಾನಾ ಅತ್ತಿಗೆ?"

"ಇಲ್ಲ. ನಿಮ್ಮ ಜಗಳ ನೆನಸಿಕೊಂಡು ನಗ್ತಾ ಮಲಗಿದ್ರು. ಆ ಬೀಗ ತೆಗೆಯೋದು ಹೇಗೆ, ಹೇಳಿ."

ಅವರಿಗೂ ಗೊತ್ತಿರಲಿಲ್ಲ. ಫ್ರಾಕಕ್ಕನನ್ನೂ ಲೈನಿಗೆ ಎಳೆದರು. ಆಕೆ ಸುದ್ದಿ ಕೇಳಿ ಅತ್ತಳು, ಮೂಗು ಒರೆಸಿಕೊಂಡು ಹೇಳಿಕೊಡಲು ಕೂತಳು.

"ಅತ್ತಿಗೆ, ಮೇಲೆ ಗ್ರೂಪಿನ ಹೆಸರು ಇದೆಯಲ್ಲ, ಒತ್ತಿ."

"ಹೆಸರಲ್ಲ, ಮೂರು ಚುಕ್ಕೆ ಒತ್ತಿ," ಅಂದರು ಮಾಸ್ಟರು.

ನಾನು ಏನೋ ಒತ್ತಿದೆ. ಗ್ರೂಪಿನ ಮುಖಕ್ಕಿದ್ದ ಹೊಲಿಗೆ ಮಿಷನ್ನಿನ ಚಿತ್ರ ಹೋಗಿ ನಮ್ಮನೆಯ ಗೋಡೆ ಬಂತು.

"ನೋಡಿದ್ರಾ? ತುಳಿಯೋರಿಗೆ ಫೋನಿನ ವಿಷಯ ಏನು ಗೊತ್ತು?"

"ನಿನಗೆ ಗೊತ್ತಿದ್ರೆ ಇಷ್ಟೊತ್ತಿಗೆ ತೆಗೀಬೇಕಿತ್ತು, ಸೋಮಾರಿ..."

"ಇಬ್ಬರೂ ಕಾಲು ಒರೆಸಿಕೊಳ್ಳಿ," ಅಂದೆ.

ಅಂದೆನೋ, ಬಾಯಿಂದ ತಾನೇ ಬಂತೋ. ಆಮೇಲೆ ಮಾಸ್ಟರು ಮೆಲ್ಲಗೆ ಅಂದರು: "ಹೆಸರೇ ಒತ್ತಿ ಅತ್ತಿಗೆ. ಆಕೆ ಹೇಳಿದ್ದೇ ಸರಿ."

ಬೀಗ ತೆರೆಯಿತು. ಇವರ ಸುದ್ದಿ ಎರಡೇ ಮಾತಿನಲ್ಲಿ ಹೇಳಿದೆ. ಆಮೇಲೆ ಅವರು ಹೇಳುತ್ತಿದ್ದದ್ದನ್ನೇ ಹೇಳಿದೆ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಕೊನೆಗೆ ಪರದೆಯವರು: "ಅತ್ತಿಗೆ, ಈ ಹೊತ್ತಲ್ಲಿ ಕೇಳಬಾರದು. ನನ್ನ ಮಿಷನ್ ಇನ್ನೂ ನಿಂತಿದೆ."

"ಕೇಳಿ. ಅದಕ್ಕೇ ತೆಗೆದಿದ್ದು," ಅಂದೆ. ಎಲ್ಲರೂ ಒಟ್ಟಿಗೆ ಮೇಲೆ ಬಿದ್ದು ಹೇಳಿಕೊಟ್ಟರು.

ಮೈದುನ ಫೋನು ಕೇಳಿಕೊಂಡು ಬಂದವನು ಟೀ ಕುಡಿದು ಹೋದ.

ಈಗಲೂ ಬೆಳಿಗ್ಗೆ ಎದ್ದು ಕಾಲೊರೆಸನ್ನು ಕೊಡವುತ್ತೇನೆ, ಒಗೆಯುವುದಿಲ್ಲ. ಎಣ್ಣೆಯ ಹೆಜ್ಜೆ ಮೇಲೆ ಬರುವ ಹಾಗೆ ಹಾಸುತ್ತೇನೆ. ಆಮೇಲೆ ಅವರ ಬನಿಯನ್ನಿನಿಂದ ಫೋನಿನ ಮುಖ ಒರೆಸಿ, ಹೆಸರು ಒತ್ತಿ, ಬಾಗಿಲು ತೆಗೆಯುತ್ತೇನೆ.