ಗೇರ್‌ಬಾಕ್ಸಿನ ಅಯಸ್ಕಾಂತ

ಮಮದಾಪುರದ ನೀಲವ್ವಕ್ಕನ ಎಡಗಾಲಿಗೆ ಪೋಲಿಯೊ. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಕಾರೇ ಅವರ ಕಾಲು. ಅದು ಏರಿನಲ್ಲಿ ಜರ್ಕ್ ಹೊಡೆಯತೊಡಗಿದಾಗ ಗೋಕಾಕದ ನಮ್ಮ ಗ್ಯಾರೇಜಿಗೆ ತಂದರು.

“ತಮ್ಮಾ, ಗೇರ್ ಎಣ್ಣಿ ಬದಲ ಮಾಡು.”

“ಜೀವನಪೂರ್ತಿ ಬದಲ ಮಾಡೋದು ಬ್ಯಾಡಂತ ಕಾರ್ ಕಂಪನಿ ಪುಸ್ತಕದಾಗ ಐತ್ರಿ, ಅಕ್ಕಾರ.”

“ಅದನ್ನ ಬರದಾವ್ರು ನಮ್ಮ ಕಬ್ಬಿನ ಹೊಲದ ದಾರ್ಯಾಗ ಗಾಡಿ ಹೊಡದಾರೇನು? ಬಿಚ್ಚು.”

ಎಣ್ಣೆ ಕಪ್ಪಾಗಿ ಸುರಿಯಿತು. ಗೇರ್‌ಬಾಕ್ಸಿನ ತಳದಲ್ಲಿದ್ದ ಅಯಸ್ಕಾಂತಕ್ಕೆ ಕಬ್ಬಿಣದ ನುಣ್ಣನೆಯ ಪುಡಿ ವಿಭೂತಿಯ ಹಾಗೆ ಮೆತ್ತಿತ್ತು. ಗೇರುಗಳು ವರ್ಷಗಟ್ಟಲೆ ಸವೆದದ್ದನ್ನು ಆ ಪುಟ್ಟ ತುಂಡು ಸದ್ದಿಲ್ಲದೆ ಹಿಡಿದಿಟ್ಟುಕೊಂಡಿತ್ತು. ಓದಿ ತಿಳಿದಿದ್ದೆ, ಕಂಡದ್ದು ಇದೇ ಮೊದಲು; ಅದನ್ನು ತೆಗೆದು ಅಕ್ಕನಿಗೆ ತೋರಿಸಿದೆ.

“ಇಷ್ಟ ದಿನ ನನ್ನ ಕಾಲು ಕಾಯ್ದದ್ದು ಇದ ಏನು?” ಎಂದು ಅಕ್ಕ ಅದನ್ನು ಮುಟ್ಟಿ ನಮಸ್ಕಾರ ಮಾಡಿದರು.

ಹೊಸ ಎಣ್ಣೆ ಹಾಕಿದ ಮೇಲೆ ಕಾರು ಏರನ್ನು ಸರಾಗವಾಗಿ ಹತ್ತಿತು. ಪುಸ್ತಕದ ಪ್ರಕಾರ ಹಳೆಯ ಎಣ್ಣೆಗೆ ಏನೂ ಆಗಿರಲಿಲ್ಲ.